ಸ್ವಂತ ಕೈಯಲ್ಲಿ ಕಟ್ಟಿದ ಬಟ್ಟೆ ವಿಮಾನಕ್ಕೆ ಕ್ಯಾಬಿನ್ ಒಳಾಂಗಣ: ದಾವಣಗೆರೆಯ ಶೆಡ್ಡಿನಲ್ಲಿ ಮಾಡಿ ಮುಗಿಸುವ ಸಮಗ್ರ ಮಾರ್ಗದರ್ಶಿ

ಸ್ಟೀಲ್ ಪೈಪಿನ ಚೌಕಟ್ಟು ವೆಲ್ಡಿಂಗ್ ಆಗಿದೆ. ಪಾಲಿಯೆಸ್ಟರ್ ಬಟ್ಟೆ ಬಿಗಿದು, ಬಣ್ಣ ಬಳಿದು ಆಗಿದೆ. ಬಾಗಿಲು ತೆಗೆದು ಒಳಗೆ ಇಣುಕಿದರೆ ಮಾತ್ರ ಬರೀ ಪೈಪು, ಕೇಬಲ್ಲು, ವೈರು. ಇಲ್ಲಿಂದ ಮುಂದಿನದು ಅಲಂಕಾರ, ಒಂದು ವಾರ ಕೂತು ರೆಕ್ಸಿನ್ ಹೊಲಿಸಿ ಅಂಟಿಸಿದರೆ ಮುಗಿಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಒಳಾಂಗಣ ಮಾಡುವುದೆಂದರೆ ಕಂಟ್ರೋಲ್ ಕೇಬಲ್, ಇಂಧನದ ಪೈಪು, ವೆಲ್ಡಿಂಗ್ ಗಂಟುಗಳ ಮೇಲೆ ಮುಚ್ಚಳ ಹಾಕುವುದು. ಮುಚ್ಚಿದ್ದನ್ನು ಯಾರೂ ನೋಡುವುದಿಲ್ಲ, ನೋಡದ್ದು ತುಕ್ಕು ಹಿಡಿಯುತ್ತದೆ, ಸವೆಯುತ್ತದೆ, ಸೋರುತ್ತದೆ. ಹಾಗಾಗಿ ಇಡೀ ಕೆಲಸಕ್ಕೆ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಲು ಬಾರದ ಯಾವುದನ್ನೂ ಕ್ಯಾಬಿನ್ನಿನೊಳಗೆ ಕೂರಿಸಬಾರದು.

ನಮ್ಮ ಊರಿಗೆ ಈ ನಿಯಮ ಇನ್ನೂ ಹೆಚ್ಚು ಅನ್ವಯಿಸುತ್ತದೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸಾರ್ವಜನಿಕ ವಿಮಾನ ನಿಲ್ದಾಣ ಇಲ್ಲ. ಶೆಡ್ಡಿನಲ್ಲಿ ಕಟ್ಟಿದ ವಿಮಾನ ರೆಕ್ಕೆ ಬಿಚ್ಚಿಸಿಕೊಂಡು, ಲಾರಿ ಏರಿ, ಬೇರೆ ಊರಿನ ಏರ್‌ಸ್ಟ್ರಿಪ್‌ಗೆ ಹೋಗಬೇಕು. ರೆಕ್ಕೆ ಬಿಚ್ಚಬೇಕಾದರೆ ರೆಕ್ಕೆಯ ಬುಡದ ಬೋಲ್ಟು, ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಹಲಗೆ) ಕೇಬಲ್ಲು, ಇಂಧನದ ಪೈಪಿನ ಜೋಡಣೆ ಕೈಗೆ ಸಿಗಬೇಕು. ಇವೆಲ್ಲ ಇರುವುದು ನೀವು ಚೆಂದವಾಗಿ ಮುಚ್ಚಲು ಹೊರಟಿರುವ ಮೇಲ್ಛಾವಣಿಯ ಹಿಂದೆಯೇ.

ತಕ್ಕಡಿಯಿಂದ ಶುರು ಮಾಡಿ

ಬಟ್ಟೆ ಅಂಗಡಿಗೆ ಹೋಗುವ ಮೊದಲು ಒಂದು ಡಿಜಿಟಲ್ ತಕ್ಕಡಿ ತನ್ನಿ, ಒಂದು ನೋಟ್‌ಬುಕ್ ಇಡಿ. ಒಳಗೆ ಹೋಗುವ ಪ್ರತಿಯೊಂದರ ತೂಕ ಮತ್ತು ವಿಮಾನದ ಅಳತೆಯ ಮೂಲಬಿಂದುವಿನಿಂದ ಅದು ಇರುವ ದೂರ, ಎರಡನ್ನೂ ಬರೆಯಬೇಕು.

ಎರಡು ಸೀಟಿನ ವಿಮಾನದಲ್ಲಿ ಪಕ್ಕದ ಗೋಡೆ, ಮೇಲ್ಛಾವಣಿ, ಹಿಂದಿನ ಪರದೆ ಸೇರಿ 8 ಚದರ ಮೀಟರ್ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 600 ಗ್ರಾಂ ತೂಗುವ ರೆಕ್ಸಿನ್ ಹಾಕಿದರೆ 4.8 ಕೆ.ಜಿ. ಆಯಿತು. 150 ಗ್ರಾಮಿನ ಬಟ್ಟೆ ಹಾಕಿದರೆ 1.2 ಕೆ.ಜಿ. ಇನ್ನು ಗುರುತ್ವ ಕೇಂದ್ರದ ಲೆಕ್ಕ ನೋಡಿ. ಖಾಲಿ ವಿಮಾನ 300 ಕೆ.ಜಿ. ಇದ್ದು, ಅದರ ಗುರುತ್ವ ಕೇಂದ್ರ ಮೂಲಬಿಂದುವಿನಿಂದ 420 ಮಿ.ಮೀ. ಹಿಂದೆ ಇದ್ದರೆ, 1500 ಮಿ.ಮೀ. ದೂರದ ಲಗೇಜ್ ಜಾಗಕ್ಕೆ 4 ಕೆ.ಜಿ. ಕಾರ್ಪೆಟ್ಟು, ಪ್ಯಾನೆಲ್ಲು ಸೇರಿಸಿದಾಗ ಕೇಂದ್ರ 434 ಮಿ.ಮೀ.ಗೆ ಸರಿಯುತ್ತದೆ. 14 ಮಿ.ಮೀ. ಕೇಳಲು ಅಲ್ಪ. ಆದರೆ ಸಣ್ಣ ವಿಮಾನದಲ್ಲಿ ಮುಂದಿನ ಮಿತಿಗೂ ಹಿಂದಿನ ಮಿತಿಗೂ ನಡುವೆ ಇರುವ ಜಾಗವೇ ಕಡಿಮೆ. ಹಿಂಭಾರ ಆದ ವಿಮಾನ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಚೇತರಿಸಿಕೊಳ್ಳುವುದು ಕಷ್ಟ.

ಬಿಸಿಲನ್ನೂ ಲೆಕ್ಕಕ್ಕೆ ತನ್ನಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದಾಗ ರೆಕ್ಕೆ ಮತ್ತು ಇಂಜಿನ್ನಿಗೆ ಇಲ್ಲಿನ ಗಾಳಿ ಸುಮಾರು 1600 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ತಂಪು ದೇಶದವರು ಹಾಕಿಸಿಕೊಂಡ ದಪ್ಪ ಚರ್ಮದ ಒಳಾಂಗಣದ ಫೋಟೊ ನೋಡಿ ಆಸೆಪಡುವ ಮೊದಲು ಇದನ್ನು ನೆನಪಿಡಿ.

ಬೆಂಕಿ ಹಚ್ಚಿ ನೋಡಿ, ಆಮೇಲೆ ಕೊಳ್ಳಿ

ಬಟ್ಟೆ ವಿಮಾನದಲ್ಲಿ ಹೊರಮೈಯೂ ಪಾಲಿಯೆಸ್ಟರ್, ಅದರ ಮೇಲಿನ ಲೇಪನವೂ ಸುಡುವಂಥದ್ದು. ಆದ್ದರಿಂದ ಒಳಗೆ ಏನು ಹಾಕುತ್ತೇವೆ ಎಂಬುದು ತಮಾಷೆಯ ಮಾತಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಅಮೆರಿಕದ ನಿಯಮದಲ್ಲಿ ಒಂದು ಲಂಬ ಸುಡುವಿಕೆ ಪರೀಕ್ಷೆ ಇದೆ. ತುಂಡನ್ನು ನೇತುಹಾಕಿ ಕೆಳತುದಿಗೆ 12 ಸೆಕೆಂಡ್ ಜ್ವಾಲೆ ಹಿಡಿಯುತ್ತಾರೆ. ಜ್ವಾಲೆ ತೆಗೆದ ಮೇಲೆ 15 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು, ಸುಟ್ಟ ಉದ್ದ 8 ಇಂಚು ಮೀರಬಾರದು, ಕರಗಿ ಬಿದ್ದ ಹನಿ 5 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು. ಸ್ವಂತಕ್ಕೆ ಕಟ್ಟುವವರಿಗೂ ಇದು ಒಳ್ಳೆಯ ಅಳತೆಗೋಲು.

ಅಂಗಡಿಯಲ್ಲಿ ಸ್ಯಾಂಪಲ್ ಕೇಳಿ ತನ್ನಿ. 30 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ ಕತ್ತರಿಸಿ, ಗಾಳಿ ಬೀಸದ ಮೂಲೆಯಲ್ಲಿ ತಂತಿಗೆ ನೇತುಹಾಕಿ, ವಿಮಾನದಿಂದಲೂ ಥಿನ್ನರ್ ಡಬ್ಬಿಗಳಿಂದಲೂ ದೂರ ಹೋಗಿ ಸುಟ್ಟು ನೋಡಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರಲಿ. ಹೊಗೆ ಉಸಿರಾಡಬೇಡಿ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಆದರೂ ಯಾವುದನ್ನು ಕೈಬಿಡಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಬಟ್ಟೆ, ಗಮ್, ಫೋಮ್ ಮೂರನ್ನೂ ಬಿಡಿಬಿಡಿಯಾಗಿ ಸುಡಿ, ಆಮೇಲೆ ಅಂಟಿಸಿಯೂ ಸುಡಿ. ಬಿಡಿಯಾಗಿ ಆರಿಹೋಗುವ ಬಟ್ಟೆ ಗಮ್ ಜೊತೆ ಸೇರಿದಾಗ ಧಗ್ಗನೆ ಹತ್ತಿಕೊಳ್ಳಬಹುದು.

ಹತ್ತಿಗೆ ಹೆಸರಾದ ಊರು ನಮ್ಮದು, ಆದರೂ ಕ್ಯಾಬಿನ್ನಿಗೆ ಸಾದಾ ಹತ್ತಿ ಬೇಡ. ಬೇಗ ಹತ್ತಿಕೊಳ್ಳುತ್ತದೆ, ಜ್ವಾಲೆ ಆರಿದ ಮೇಲೂ ಕೆಂಡವಾಗಿ ಒಳಗೊಳಗೇ ಬೇಯುತ್ತದೆ. ಸಾದಾ ರೆಕ್ಸಿನ್ ಪಿವಿಸಿ ಲೇಪನದ್ದು, ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಪುಟ್ಟ ಕ್ಯಾಬಿನ್ನಿನಲ್ಲಿ ಅದು ಕಣ್ಣು ಗಂಟಲು ಕಟ್ಟಿಹಾಕುತ್ತದೆ. ಸೋಫಾದ ಪಾಲಿಯುರೆಥೇನ್ ಫೋಮ್ ಎಲ್ಲಕ್ಕಿಂತ ಕೆಟ್ಟದ್ದು, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಸೈನೈಡ್ ಅನಿಲವೂ ಇರುತ್ತದೆ.

ಉಣ್ಣೆ ನಮ್ಮ ಜಿಲ್ಲೆಗಳ ಕೈಯಲ್ಲೇ ಇದೆ. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ಕರಗಿ ಮೈಗೆ ಅಂಟುವುದಿಲ್ಲ, ಜ್ವಾಲೆ ತೆಗೆದರೆ ಹೆಚ್ಚಾಗಿ ತಾನೇ ಆರುತ್ತದೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ತುಂಡೊಂದನ್ನು ಇದೇ ಪರೀಕ್ಷೆಗೆ ಒಡ್ಡಿ, ನಿಮಗೇ ಗೊತ್ತಾಗುತ್ತದೆ. ನೆಲಹಾಸಿಗೆ, ಸೀಟಿನ ಮೇಲ್ಹೊದಿಕೆಗೆ ಅದು ನನಗೆ ಬಹಳ ಇಷ್ಟವಾದ ವಸ್ತು. ಎರಡು ಎಚ್ಚರ ಬೇಕು: ಉಣ್ಣೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಬರಿ ಸ್ಟೀಲ್ ಪೈಪಿಗೆ ತಾಗುವಂತೆ ಹಾಕಬೇಡಿ. ನುಸಿ ಬೀಳುತ್ತದೆ, ಆದ್ದರಿಂದ ತೆಗೆದು ಬಿಸಿಲಿಗೆ ಒಣಗಿಸಲು ಬರುವಂತಿರಲಿ. ಬೆಂಕಿ ತಡೆಯುವ ಉಪ್ಪಿನ ದ್ರಾವಣ ಸಿಂಪಡಿಸಿದ ಬಟ್ಟೆಗಳೂ ಸಿಗುತ್ತವೆ. ಅವು ತೊಳೆದರೆ ಗುಣ ಕಳೆದುಕೊಳ್ಳಬಹುದು, ಮಳೆಗಾಲದ ತೇವಕ್ಕೆ ಲೋಹವನ್ನೂ ಕೆಡಿಸಬಹುದು.

ಹೊರ ಬಟ್ಟೆ ಹೊದಿಸುವ ಮೊದಲೇ ಮಾಡಬೇಕಾದ್ದು

ಒಳಾಂಗಣದ ಅರ್ಧ ಕೆಲಸ ಹೊರಬಟ್ಟೆ ಹೊದಿಸುವ ಮೊದಲೇ ಮುಗಿದಿರಬೇಕು. ಪ್ಯಾನೆಲ್ ಹಿಡಿಸುವ ಸಣ್ಣ ಲೋಹದ ಕಿವಿಗಳನ್ನು ಚೌಕಟ್ಟಿಗೆ ಆಗಲೇ ವೆಲ್ಡ್ ಮಾಡಿಸಿ, ಇಡೀ ಚೌಕಟ್ಟಿಗೆ ಎರಡು ಭಾಗದ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬಟ್ಟೆ ಹೊದಿಸಿದ ಮೇಲೆ ಹತ್ತಿರದಲ್ಲಿ ವೆಲ್ಡಿಂಗ್ ಮಾಡುವ ಮಾತೇ ಇಲ್ಲ. ಕಿವಿ ಬೆಸೆಯುವುದು ಮರೆತಿದ್ದರೆ ರಬ್ಬರ್ ಒಳಪದರದ ಕ್ಲ್ಯಾಂಪುಗಳನ್ನು ಪೈಪಿಗೆ ಸುತ್ತಿ ಅದಕ್ಕೆ ಸ್ಕ್ರೂ ಕೊಡಿ. ಚೌಕಟ್ಟಿನ ಪೈಪಿಗೆ ಮಾತ್ರ ಯಾವ ಕಾರಣಕ್ಕೂ ಡ್ರಿಲ್ ಹಾಕಬೇಡಿ. ಈ ಚೌಕಟ್ಟಿಗೆ ಬಳಸುವ 4130 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಸ್ಟೀಲ್) ಪೈಪಿನ ಗೋಡೆ ತೀರಾ ತೆಳು. ಒಂದು ತೂತು ಅದರ ಬಲ ಕುಂದಿಸುತ್ತದೆ, ಮುಚ್ಚಿದ ಪೈಪಿನೊಳಗೆ ತೇವ ಬಿಟ್ಟುಕೊಡುತ್ತದೆ, ಒಳಗಿನಿಂದ ಶುರುವಾದ ತುಕ್ಕು ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕಪಾಟು ಹೊಡೆಯುವ ಬಡಗಿಯನ್ನೋ ಕಾರಿನ ಅಪ್ಹೋಲ್ಸ್ಟರಿ ಹುಡುಗನನ್ನೋ ಸಹಾಯಕ್ಕೆ ಕರೆದಿದ್ದರೆ, ಈ ಒಂದು ಮಾತನ್ನು ಮೊದಲ ದಿನವೇ ಹೇಳಿ.

ದಪ್ಪ ರಟ್ಟಿನಲ್ಲಿ ಎಲ್ಲ ಪ್ಯಾನೆಲ್ಲುಗಳ ಮಾದರಿ ಕತ್ತರಿಸುವುದೂ ಆ ಹಂತದಲ್ಲೇ. ಚೌಕಟ್ಟಿನ ಹೊರಗಿನಿಂದ ಕೈ ಹಾಕಿ ಗುರುತು ಮಾಡಲು ಬರುವುದು ಆಗ ಮಾತ್ರ. ಪ್ಯಾನೆಲ್ ಮಾಡಿ, ಕೂರಿಸಿ, ಸ್ಕ್ರೂ ಹೊಂದಿಸಿ, ಮತ್ತೆ ಬಿಚ್ಚಿ ಹೆಸರು ಬರೆದು ಕಟ್ಟಿಡಿ. ವೈರಿಂಗ್, ಪಿಟೋ ಮತ್ತು ಸ್ಟ್ಯಾಟಿಕ್ ನಳಿಕೆಗಳು (ವೇಗ, ಎತ್ತರ ತೋರಿಸುವ ಉಪಕರಣಗಳಿಗೆ ಗಾಳಿಯ ಒತ್ತಡ ಒಯ್ಯುವವು), ಕೇಬಲ್ ಪುಲ್ಲಿಗಳು ಎಲ್ಲದರ ಫೋಟೊ ಅಳತೆಪಟ್ಟಿ ಜೊತೆಗಿಟ್ಟು ತೆಗೆಯಿರಿ. ಮುಂದೆ ಪ್ಯಾನೆಲ್ಲಿನ ಹಿಂದೆ ಏನಿದೆ ಎಂದು ಹುಡುಕುವಾಗ ಈ ಫೋಟೊಗಳೇ ಕಣ್ಣು.

ಫೈರ್‌ವಾಲ್ ಮತ್ತು ನೆಲ

ಇಂಜಿನ್ನಿಗೂ ನಿಮ್ಮ ಕಾಲಿಗೂ ನಡುವೆ ಇರುವುದು ತೆಳುವಾದ ಸ್ಟೇನ್‌ಲೆಸ್ ಸ್ಟೀಲಿನ ಹಾಳೆ. ಅದರಲ್ಲಿ ಕೇಬಲ್, ವೈರ್ ಹಾಯುವ ಪ್ರತಿ ತೂತನ್ನೂ ಸ್ಟೀಲ್ ಬಳೆ ಮತ್ತು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಿ. ಅಲ್ಲಿ ಬರೀ ರಬ್ಬರ್ ಗ್ರೋಮೆಟ್ ಇದ್ದರೆ ಬೆಂಕಿಯಲ್ಲಿ ಕ್ಷಣದಲ್ಲಿ ಕರಗಿ, ತೂತು ಹಾಗೇ ಉಳಿಯುತ್ತದೆ. ಕ್ಯಾಬಿನ್ ಕಡೆಗೆ ಫೋಮ್ ಹಾಳೆ ಅಂಟಿಸುವ ಆಸೆ ಬರುತ್ತದೆ, ಸದ್ದು ಕಡಿಮೆಯಾಗಲಿ ಎಂದು. ಬೇಡ. ಇಂಜಿನ್ ಕಡೆ ಬೆಂಕಿ ಬಿದ್ದಾಗ ಸ್ಟೀಲ್ ಹಾಳೆ ಕೆಂಪಗೆ ಕಾದು, ಒಳಗಿನ ಫೋಮೇ ಉರಿಯತೊಡಗುತ್ತದೆ. ಏನಾದರೂ ಬೇಕೇ ಬೇಕಿದ್ದರೆ ಸೆರಾಮಿಕ್ ನಾರಿನ ಹೊದಿಕೆ ಇಂಜಿನ್ ಕಡೆಗೆ, ತೆಳು ಸ್ಟೀಲ್ ಹಾಳೆಯ ಮರೆಯಲ್ಲಿ ಇರಲಿ.

ಎಕ್ಸಾಸ್ಟ್ ಸುತ್ತಲಿನ ಶಾಖ ಬಳಸುವ ಹೀಟರ್ ನಮ್ಮ ಹವೆಗೆ ಬೇಕಿಲ್ಲ. ಅದನ್ನು ಬಿಟ್ಟರೆ ತೂಕವೂ ಉಳಿಯಿತು, ಕಾರ್ಬನ್ ಮೊನಾಕ್ಸೈಡ್ ಒಳಬರುವ ಒಂದು ದಾರಿಯೂ ಮುಚ್ಚಿತು. ಹಾಗಂತ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಿಡಬೇಡಿ. ಬಾಗಿಲ ಸಂದಿಯಿಂದಲೂ, ಬಾಲದ ಕಡೆಯಿಂದಲೂ ಹೊಗೆ ಒಳಗೆ ಬರುತ್ತದೆ.

ನೆಲಕ್ಕೆ 3 ಮಿ.ಮೀ. ಬರ್ಚ್ ಪ್ಲೈವುಡ್ ಚದರ ಮೀಟರಿಗೆ ಸುಮಾರು 2 ಕೆ.ಜಿ., 0.8 ಮಿ.ಮೀ. ಅಲ್ಯೂಮಿನಿಯಂ ಸುಮಾರು 2.2 ಕೆ.ಜಿ. ತೂಕ ಹೆಚ್ಚುಕಡಿಮೆ ಒಂದೇ. ಹಿಮ್ಮಡಿ ಊರುವ ಜಾಗಕ್ಕೆ ಪ್ಲೈವುಡ್ ಒಳ್ಳೆಯದು, ಡೊಂಕಾಗುವುದಿಲ್ಲ. ಪ್ಲೈವುಡ್ಡಿನ ಅಂಚು, ತೂತುಗಳಿಗೆಲ್ಲ ಎಪಾಕ್ಸಿ ವಾರ್ನಿಷ್ ಕುಡಿಸಿ. ನೆಲವನ್ನು ಒಂದೇ ಹಾಳೆಯಾಗಿ ಮಾಡದೆ ಮೂರ್ನಾಲ್ಕು ತುಂಡು ಮಾಡಿ, ಸೀಟು ತೆಗೆಯದೆ ರಡ್ಡರ್ (ಬಾಲದ ಲಂಬ ಚುಕ್ಕಾಣಿ) ಕೇಬಲ್ ನೋಡಲು ಬರುವಂತೆ ಮುಂದಿನ ತುಂಡು ಬೇರೆ ಇರಲಿ.

ಹೊಟ್ಟೆಯ ಬಟ್ಟೆಯ ಅತಿ ತಗ್ಗಿನಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ಕಾರ್ಪೆಟ್ಟಿನ ಎಳೆ, ಕೆಂಪು ಮಣ್ಣು ಸೇರಿ ಅವನ್ನು ಮುಚ್ಚುತ್ತವೆ. ನಮ್ಮ ಕಡೆಯ ಧೂಳು ಎಲ್ಲಿಗಾದರೂ ನುಗ್ಗುತ್ತದೆ, ನೀರು ಸೇರಿದರೆ ಕೆಳಗಿನ ಪೈಪಿನ ಸುತ್ತ ಒದ್ದೆ ಮಣ್ಣಿನ ಪಟ್ಟಿ ಕೂರುತ್ತದೆ. ಅಲ್ಲೇ ತುಕ್ಕು ಶುರು. ನೆಲಹಾಸನ್ನು ಎಲ್ಲೂ ಅಂಟಿಸಬೇಡಿ, ವೆಲ್ಕ್ರೋ ಸಾಕು. ವೆಲ್ಕ್ರೋದ ಹಿಂದಿನ ಗಮ್ ನಮ್ಮ ಬಿಸಿಲಿಗೆ ಜಾರುತ್ತದೆ, ನಿಲ್ಲಿಸಿಟ್ಟ ಕ್ಯಾಬಿನ್ ಒಳಗೆ ಬಿಸಿ 60 ಡಿಗ್ರಿ ದಾಟುತ್ತದೆ. ಹಾಸಿನ ಕಡೆ ಹೊಲಿಯಿರಿ, ನೆಲದ ಕಡೆ ಸಣ್ಣ ರಿವೆಟ್ ಕೊಡಿ. ಪೆಡಲಿನ ಕೆಳಗೆ ಮಾತ್ರ ಹಾಸು ಬೇಡವೇ ಬೇಡ. ಅದು ಮಡಚಿ ರಡ್ಡರಿಗೆ ಅಡ್ಡ ಬರಬಹುದು.

ವಿಮಾನ ನಡೆಸುವ ಕೈಹಿಡಿ, ಅಂದರೆ ಸ್ಟಿಕ್, ನೆಲದಿಂದ ಮೇಲೆ ಬರುವಲ್ಲಿ ಬಟ್ಟೆಯ ಸಡಿಲ ಚೀಲ ಹೊಲಿಸಿ. ಕೈಜಾರಿದ ಪೆನ್ನು, ಮೊಬೈಲು ನೆಲದಡಿಗೆ ಹೋಗಿ ಕಂಟ್ರೋಲ್ ಸಿಕ್ಕಿಹಾಕಿಕೊಳ್ಳುವುದನ್ನು ತಡೆಯುವುದು ಇದೇ. ಚೀಲ ಎಷ್ಟು ಸಡಿಲ ಇರಬೇಕೆಂದರೆ ಸ್ಟಿಕ್ಕನ್ನು ನಾಲ್ಕು ಮೂಲೆಗೂ ಒಯ್ದು ಬಿಟ್ಟಾಗ ಬಟ್ಟೆ ಅದನ್ನು ಹಿಂದಕ್ಕೆ ಎಳೆಯಬಾರದು.

ಪಕ್ಕದ ಗೋಡೆ ಮತ್ತು ಮೇಲ್ಛಾವಣಿ

ಹೊರಬಟ್ಟೆಯ ಒಳಮುಖಕ್ಕೆ ಏನನ್ನೂ ಅಂಟಿಸಬಾರದು. ಬಟ್ಟೆ ಹೊದಿಸುವ ಪಾಲಿ-ಫೈಬರ್ ಪದ್ಧತಿಯ ವಿನೈಲ್ ಲೇಪನಗಳು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕಕ್ಕೆ ಕರಗುತ್ತವೆ, ಅಂಗಡಿಯ ಕಾಂಟ್ಯಾಕ್ಟ್ ಗಮ್ಮುಗಳಲ್ಲಿ ಅಂಥ ದ್ರಾವಕಗಳೇ ಇರುತ್ತವೆ. ಒಳಗೆ ಹಚ್ಚಿದ ಗಮ್ ಹೊರಗಿನ ಬಣ್ಣದಲ್ಲಿ ಗುಳ್ಳೆಯಾಗಿ ಏಳಬಹುದು. ಹೀಟ್ ಗನ್ ಕೂಡ ಹಾಗೇ. ಪಾಲಿಯೆಸ್ಟರ್ ಬಟ್ಟೆಯನ್ನು ಕೊನೆಗೆ ಬಿಗಿಯುವುದು ಸುಮಾರು 177 ಡಿಗ್ರಿಯಲ್ಲಿ, ಅದನ್ನು ಮೀರಿದರೆ ಬಿಗಿ ಸಡಿಲುತ್ತದೆ, ಸುಮಾರು 250ರಲ್ಲಿ ಕರಗುತ್ತದೆ. ಹೀಟ್ ಗನ್ ಅದಕ್ಕಿಂತ ಬಹಳ ಬಿಸಿ. ರೆಕ್ಸಿನ್ ಸುಕ್ಕು ಬಿಡಿಸುವ ಕೆಲಸ ವಿಮಾನದ ಹೊರಗೆ ಮೇಜಿನ ಮೇಲೆ ಆಗಲಿ.

ಗೋಡೆಯ ಪ್ಯಾನೆಲ್ಲಿಗೆ 0.5 ಮಿ.ಮೀ. ಅಲ್ಯೂಮಿನಿಯಂ ಹಾಳೆ, ಮೇಲೆ ತೆಳು ಬಟ್ಟೆ ಅಥವಾ ಬರೀ ಬಣ್ಣ ಸಾಕು. ಪ್ಯಾನೆಲ್ ಹೊರಬಟ್ಟೆಗೆ ತಾಗದಂತೆ ಒಂದು ಬೆರಳಿನ ಅಂತರ ಇರಲಿ. ಹಾರುವಾಗ ಹೊರಬಟ್ಟೆ ಒಳಗೂ ಹೊರಗೂ ಆಡುತ್ತದೆ, ಪ್ಯಾನೆಲ್ಲಿನ ಅಂಚಿಗೆ ಉಜ್ಜಿದರೆ ಹರಿಯುತ್ತದೆ. ಅಂಚನ್ನು ಮಡಚಿ ಅಥವಾ ಪಟ್ಟಿ ಹೊಲಿದು ಮೊಂಡು ಮಾಡಿ. ಆ ಅಂತರದಲ್ಲಿ ಗಾಜಿನ ನಾರು ತುಂಬುವ ಯೋಚನೆ ಬಿಡಿ. ಮೆಕ್ಕೆಜೋಳದ ಹೊಲಗಳ ನಡುವಿನ ಶೆಡ್ಡಿಗೆ ಇಲಿ ಬರದೇ ಇರುವುದಿಲ್ಲ, ನಾರಿನಲ್ಲಿ ಗೂಡು ಕಟ್ಟುತ್ತದೆ, ಇಲಿಯ ಮೂತ್ರ ಸ್ಟೀಲನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಸದ್ದು ತಡೆಯಲು ಒಳ್ಳೆಯ ಹೆಡ್‌ಸೆಟ್ ಹಾಕಿಕೊಳ್ಳಿ, ಬಾಗಿಲಿಗೆ ಸರಿಯಾದ ರಬ್ಬರ್ ಸೀಲ್ ಕೊಡಿ. ಕೂಗುವ ಗಾಳಿಯ ಬಹುಪಾಲು ಬರುವುದು ಬಾಗಿಲ ಸಂದಿಯಿಂದ.

ಮೇಲ್ಛಾವಣಿಯ ಬಟ್ಟೆಗೆ ಉದ್ದಕ್ಕೂ ತೋಳು ಹೊಲಿದು, ತೆಳು ಸ್ಟೇನ್‌ಲೆಸ್ ಕಂಬಿ ತೂರಿಸಿ, ಕಂಬಿಯ ತುದಿಗಳನ್ನು ಎರಡೂ ಬದಿಯ ಕಿವಿಗೆ ಸಿಕ್ಕಿಸುವುದು ಹಳೆಯ, ಗಟ್ಟಿ ವಿಧಾನ. ರೆಕ್ಕೆ ಬುಡದ ಎರಡೂ ಕಡೆ ಜಿಪ್ ಹೊಲಿಸಿ. ಜಿಪ್ ತೆಗೆದರೆ ಬೋಲ್ಟು, ಪುಲ್ಲಿ, ಇಂಧನದ ಜೋಡಣೆ ಮೂರೂ ಕಾಣಬೇಕು. ರೆಕ್ಕೆ ಬುಡದಲ್ಲಿ ಇಂಧನ ತೋರಿಸುವ ಪಾರದರ್ಶಕ ನಳಿಕೆ ಇದ್ದರೆ ಅದರ ಮುಂದೆ ಬಟ್ಟೆ ಬರಲೇಬಾರದು. ತಿಳಿ ಬಣ್ಣ ಆರಿಸಿ, ಇಂಧನ ಸೋರಿದರೆ ಕಲೆ ತಕ್ಷಣ ಕಾಣುತ್ತದೆ. ಚಾವಣಿಯಲ್ಲಿ ಗಾಜಿನ ಕಿಂಡಿ ಇದ್ದರೆ ಲಗೇಜ್ ಜಾಗದ ಹೊರಬಟ್ಟೆಗೆ ಒಳಗಿನಿಂದ ಬಿಸಿಲು ಬೀಳುತ್ತದೆ. ಬಿಸಿಲು ತಡೆಯುವ ಬೆಳ್ಳಿ ಬಣ್ಣದ ಲೇಪನ ಇರುವುದು ಹೊರಮೈಯಲ್ಲಿ, ಒಳಮೈ ಬೆತ್ತಲೆ. ಅಲ್ಲಿಗೆ ಒಳಪರದೆ ಹಾಕಿದರೆ ಹೊರಬಟ್ಟೆಯ ಆಯಸ್ಸು ಉಳಿಯುತ್ತದೆ.

ಸೀಟು

ಲಾರಿ, ಆಟೊ ಸೀಟು ಹೊಲಿಯುವವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಹೊಲಿಗೆಯ ಕೈ ಗಟ್ಟಿ. ಹೊಲಿಗೆ ಅವರಿಗೆ ಬಿಡಿ, ಒಳಗಿನ ಫೋಮ್ ನೀವೇ ತಂದು ಕೊಡಿ. ಮೆತ್ತನೆ ಸ್ಪ್ರಿಂಗಿನಂಥ ಫೋಮ್ ಸುಖವೆನಿಸುತ್ತದೆ, ಆದರೆ ಬಿರುಸಾಗಿ ನೆಲಕ್ಕೆ ಅಪ್ಪಳಿಸಿದಾಗ ಅದು ಪೂರ್ತಿ ಕುಸಿದು, ದೇಹ ವೇಗ ಪಡೆದುಕೊಂಡು ಕೆಳಗಿನ ಚೌಕಟ್ಟಿಗೆ ಬಡಿಯುತ್ತದೆ. ಪೆಟ್ಟು ಬೆನ್ನುಮೂಳೆಗೆ. ನಿಧಾನವಾಗಿ ಕುಗ್ಗಿ ನಿಧಾನವಾಗಿ ಮೇಲೇಳುವ, ಶಕ್ತಿ ಹೀರುವ ಫೋಮ್ ಬೇರೆ ಸಿಗುತ್ತದೆ. ಕೆಳಗೆ ಗಡುಸು ಪದರ, ನಡುವೆ ಮಧ್ಯಮ, ಮೇಲೆ 25 ಮಿ.ಮೀ. ಮೆತ್ತನೆಯದು. ಈ ಜಾತಿಯ ಫೋಮ್ ಬಿಸಿಗೆ ಮೆತ್ತಗಾಗುತ್ತದೆ, ಹಾಗಾಗಿ ತಂಪು ದೇಶದವರು ಹೇಳುವುದಕ್ಕಿಂತ ಒಂದು ದರ್ಜೆ ಗಡುಸನ್ನೇ ಆರಿಸಿ.

ಕುಷನ್ ಹೊಲಿಸುವ ಮೊದಲು ಫೋಮ್ ತುಂಡುಗಳ ಮೇಲೆ ಕೂತು ನೋಡಿ. ಹೆಡ್‌ಸೆಟ್ ಹಾಕಿದಾಗ ತಲೆಗೂ ಚಾವಣಿ ಪೈಪಿಗೂ ನಡುವೆ ಮುಷ್ಟಿ ಹಿಡಿಸಬೇಕು, ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದಾಗ ಕುಷನ್ನಿಗೂ ಹೊಟ್ಟೆಗೂ ತಾಗಬಾರದು. ಪಕ್ಕದಲ್ಲಿ ದಪ್ಪನೆಯ ಗೆಳೆಯನನ್ನು ಕೂರಿಸಿಯೂ ನೋಡಿ.

ಬೆಲ್ಟು ಕುಷನ್ನಿಗೂ ಪ್ಯಾನೆಲ್ಲಿಗೂ ಸೇರಿದ್ದಲ್ಲ, ಚೌಕಟ್ಟಿಗೆ ಸೇರಿದ್ದು. ಭುಜದ ಪಟ್ಟಿ ಹಿಂದೆ ಕಟ್ಟುವ ಜಾಗ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಇರಬೇಕು. ಬಹಳ ಕೆಳಗಿದ್ದರೆ ಅಪಘಾತದಲ್ಲಿ ಪಟ್ಟಿಯೇ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಪಟ್ಟಿ ಹಾಯುವಲ್ಲಿ ಸೀಟಿನ ಹೊದಿಕೆಯ ಸೀಳು ಅಗಲವಾಗಿರಲಿ, ಚೂಪು ಅಂಚು ಎಲ್ಲೂ ಬೇಡ.

ಕಿಟಕಿ, ಬಾಗಿಲು, ಮುಂದಿನ ಹಲಗೆ

ಅಕ್ರಿಲಿಕ್ ಕಿಟಕಿ ಒಂದು ಮೀಟರ್ ಉದ್ದವಿದ್ದರೆ 30 ಡಿಗ್ರಿ ಬಿಸಿ ಏರಿದಾಗ ಸುಮಾರು 2 ಮಿ.ಮೀ. ಹಿಗ್ಗುತ್ತದೆ. 4 ಮಿ.ಮೀ. ಸ್ಕ್ರೂಗೆ ತೂತು 5 ಅಥವಾ 6 ಮಿ.ಮೀ. ಇರಲಿ, ಕೆಳಗೆ ರಬ್ಬರ್ ಪಟ್ಟಿ ಇರಲಿ, ಸ್ಕ್ರೂ ಕೈಬಿಗಿಗೆ ನಿಲ್ಲಿಸಿ. ಪಾಲಿಕಾರ್ಬೊನೇಟ್ ಆದರೆ ಪೆಟ್ರೋಲ್ ತಾಗಿದಲ್ಲಿ, ಸ್ಕ್ರೂ ಕಚ್ಚಿಸುವ ಲಾಕಿಂಗ್ ದ್ರವ ತಾಗಿದಲ್ಲಿ ಬಿರುಕು ಬಿಡುತ್ತದೆ. ಎರಡನ್ನೂ ಸೌಮ್ಯ ಸೋಪಿನ ನೀರಿನಲ್ಲೇ ತೊಳೆಯಿರಿ. ಗಾಜು ಒರೆಸುವ ಅಮೋನಿಯಾ ದ್ರವ ಬೇಡ.

ಬಾಗಿಲು ಒಳಗಿನಿಂದ ಒಂದೇ ಕೈಯಲ್ಲಿ, ಬೆಲ್ಟು ಹಾಕಿಕೊಂಡೇ ತೆಗೆಯಲು ಬರಬೇಕು. ಹೊರಗಿನವರಿಗೂ ತೆಗೆಯಲು ಬರಬೇಕು. ಬಾಗಿಲ ಪ್ಯಾನೆಲ್ಲಿಗೆ ದೊಡ್ಡ ಜೇಬು ಹೊಲಿಸುವವರು ಅದು ತುಂಬಿದಾಗ ಎಷ್ಟು ಉಬ್ಬುತ್ತದೆ ಎಂದು ನೋಡಲಿ.

ಉಪಕರಣಗಳ ಹಲಗೆಯ ಮೇಲ್ಭಾಗಕ್ಕೆ ಹೊಳಪಿಲ್ಲದ ಕಪ್ಪು ಅಥವಾ ಗಾಢ ಬೂದು ಬಟ್ಟೆ. ತಿಳಿ ಬಣ್ಣ ಇದ್ದರೆ ಮುಂಗಾಜಿನಲ್ಲಿ ಅದರ ಪ್ರತಿಬಿಂಬವೇ ಕಾಣುತ್ತದೆ. ಕಂಪಾಸಿನ ಹತ್ತಿರ ಹಿತ್ತಾಳೆ ಸ್ಕ್ರೂ ಹಾಕಿ. ಅಯಸ್ಕಾಂತದ ಗುಂಡಿಯ ಜೇಬು, ಅಯಸ್ಕಾಂತದ ಮೊಬೈಲ್ ಸ್ಟ್ಯಾಂಡ್ ಆ ಕಡೆ ಸುಳಿಯದಿರಲಿ. ಅಗ್ನಿಶಾಮಕ ಸಿಲಿಂಡರ್ ಕೂತಲ್ಲಿಂದ ಕೈಗೆ ಎಟುಕಬೇಕು. ಪುಡಿ ತುಂಬಿದ್ದು ಬೇಡ, ಒಂದೇ ಬಾರಿಗೆ ಕಣ್ಣು ಕಾಣದಂತೆ ಮಾಡುತ್ತದೆ, ಆಮೇಲೆ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಇಂಧನದ ವಾಲ್ವು, ಸ್ವಿಚ್ಚುಗಳ ಹೆಸರುಪಟ್ಟಿ ಬಟ್ಟೆಯ ಮೇಲೆ ಅಂಟಿಸದೆ ಲೋಹಕ್ಕೆ ಹಚ್ಚಿ.

ಮುಚ್ಚಿದ ಮೇಲಿನ ತಪಾಸಣೆ

ಎಲ್ಲ ಕೂರಿಸಿದ ಮೇಲೆ ಒಬ್ಬರು ಒಳಗೆ ಬೆಲ್ಟು ಕಟ್ಟಿ ಕೂರಲಿ, ಇನ್ನೊಬ್ಬರು ಹೊರಗೆ ನಿಲ್ಲಲಿ. ಸ್ಟಿಕ್, ಪೆಡಲ್, ಫ್ಲ್ಯಾಪ್, ಟ್ರಿಮ್ ಎಲ್ಲವನ್ನೂ ಕೊನೆಯವರೆಗೆ ಆಡಿಸಿ. ಹೊರಗಿನವರು ರೆಕ್ಕೆ, ಬಾಲಗಳ ಆಡುವ ಭಾಗಗಳಲ್ಲಿ ಯಾವುದು ಯಾವ ದಿಕ್ಕಿಗೆ ಹೋಯಿತು ಎಂದು ಕೂಗಿ ಹೇಳಲಿ. ಉಜ್ಜುವ ಸದ್ದು ಬಂದರೆ ಪ್ಯಾನೆಲ್ ತೆಗೆದು ಕಾರಣ ಕಂಡುಹಿಡಿಯಿರಿ. ಒಳಗೆ ಬಿದ್ದ ರಿವೆಟ್ ಬಾಲ, ಡ್ರಿಲ್ ಚೂರು, ಸೂಜಿ ಎಲ್ಲವನ್ನೂ ವ್ಯಾಕ್ಯೂಮ್ ಹಾಕಿ ತೆಗೆಯಿರಿ. ಸ್ಟೀಲಿನ ಚೂರು ಹೊಟ್ಟೆಯ ಬಟ್ಟೆಯ ಮೇಲೆ ಉಳಿದರೆ ತುಕ್ಕಿನ ಕಲೆಯೊಂದಿಗೆ ಬಟ್ಟೆಯೂ ಕೆಡುತ್ತದೆ. ಆಮೇಲೆ ಕಂಪಾಸಿನ ತಿದ್ದುಪಡಿ ಹೊಸದಾಗಿ ಮಾಡಿ.

1958ರಲ್ಲಿ ಬೆಂಗಳೂರಿನ ಎಚ್‌ಎಎಲ್ ಹಾರಿಸಿದ ಪುಷ್ಪಕ್ ಕೂಡ ಎರಡು ಸೀಟಿನ, ಬಟ್ಟೆ ಹೊದಿಸಿದ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅದರಲ್ಲಿ ಕಲಿತವರು ಬಹಳ. ಹಳೆಯ ಪುಷ್ಪಕ್ ಎಲ್ಲಾದರೂ ನೋಡಲು ಸಿಕ್ಕರೆ ಅದರ ಕ್ಯಾಬಿನ್ನಿನೊಳಗೆ ಅರ್ಧ ಗಂಟೆ ಕಳೆಯಿರಿ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಮತ್ತು ಅನುಮತಿ ಇಲ್ಲದೆ ಹಾರುವಂತಿಲ್ಲ. ಒಳಗೆ ಹಾಕಿದ ಪ್ರತಿ ವಸ್ತುವಿನ ಬಿಲ್ಲು, ಸುಟ್ಟು ನೋಡಿದ ತುಂಡು, ಫೋಟೊ ಒಂದು ಫೈಲಿನಲ್ಲಿರಲಿ. ಚಿತ್ರದುರ್ಗ ಕಡೆ ಏರ್‌ಸ್ಟ್ರಿಪ್ ಹುಡುಕುವವರು ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2017ರಲ್ಲಿ ತೆರೆದ ವೈಮಾನಿಕ ಪರೀಕ್ಷಾ ಕೇಂದ್ರ ಇರುವುದನ್ನು ಮರೆಯಬೇಡಿ, ಆ ಸುತ್ತಲಿನ ಆಕಾಶಕ್ಕೆ ಮೊದಲೇ ಅನುಮತಿ ವಿಚಾರಿಸಿ.

ಲಾರಿ ಏರಿಸುವ ಮೊದಲು ಸೀಟು, ನೆಲಹಾಸು, ಮೇಲ್ಛಾವಣಿ ಬಿಚ್ಚಿ ಬೇರೆ ಡಬ್ಬಿಯಲ್ಲಿ ಕಳಿಸಿ. ಏರ್‌ಸ್ಟ್ರಿಪ್ಪಿನಲ್ಲಿ ರೆಕ್ಕೆ ಜೋಡಿಸಿ, ಬೋಲ್ಟುಗಳ ತಪಾಸಣೆ ಇನ್ನೊಬ್ಬರಿಂದ ಮಾಡಿಸಿದ ಮೇಲೆಯೇ ಮೇಲ್ಛಾವಣಿಯ ಜಿಪ್ ಎಳೆಯಿರಿ. ಅಲ್ಲಿಯೇ ಮೂರೂ ಚಕ್ರದ ಕೆಳಗೆ ತಕ್ಕಡಿ ಇಟ್ಟು, ಹಾರುವ ಭಂಗಿಯಲ್ಲಿ ವಿಮಾನವನ್ನು ಮಟ್ಟ ಮಾಡಿ ಮತ್ತೆ ತೂಗಿ. ನೋಟ್‌ಬುಕ್ಕಿನ ಮೊತ್ತಕ್ಕೂ ತಕ್ಕಡಿಗೂ ತಾಳೆಯಾಗದಿದ್ದರೆ ತಕ್ಕಡಿಯನ್ನು ಮೊದಲು ಪರೀಕ್ಷಿಸಿ, ಅದು ಸರಿಯಿದ್ದರೆ ಅದರ ಅಂಕಿಯನ್ನೇ ಹಿಡಿಯಿರಿ. ಹೊಸ ಖಾಲಿ ತೂಕ, ಹೊಸ ಗುರುತ್ವ ಕೇಂದ್ರ ಬರೆದ ಹಾಳೆಗೆ ದಿನಾಂಕ ಹಾಕಿ ವಿಮಾನದಲ್ಲಿಡಿ, ಹಳೆಯ ಹಾಳೆಯ ಮೇಲೆ ‘ರದ್ದು’ ಎಂದು ಬರೆದು ಫೈಲಿಗೆ ಸೇರಿಸಿ.